ಕಾರವಾರದ ಒಂದು ಖಾನಾವಳಿ: ಬಂಗಡೆಯ ಹುಮಣ, ಸೋಲ್ಕಡಿ ಮತ್ತು ಜೈಲಿನಿಂದ ಬಂದವರ ಕೈಕೆಲಸ

ಕಾರವಾರದಲ್ಲಿ ಮೀನಿನ ಊಟ ಸಿಗುವ ಖಾನಾವಳಿಗಳಿಗೆ ಕೊರತೆಯಿಲ್ಲ. ಬಸ್ ನಿಲ್ದಾಣದ ಸುತ್ತಮುತ್ತ, ಬೈತಖೋಲ ಬಂದರಿನ ದಾರಿಯಲ್ಲಿ, ಕೋಡಿಬಾಗದಲ್ಲಿ, ಕಾಳಿ ನದಿಯಾಚೆಯ ಸದಾಶಿವಗಡದಲ್ಲಿ ಎಲ್ಲಿ ಕುಳಿತರೂ ಕುಚಲಕ್ಕಿ ಅನ್ನ, ಬಂಗಡೆಯ ಹುಮಣ ಎಂಬ ಕಾಯಿ ಅರೆದ ಸಾರು, ರವೆ ಹಚ್ಚಿ ಹುರಿದ ಮೀನು ಮತ್ತು ಮುರುಗಲು, ಕಾಯಿಹಾಲಿನ ಸೋಲ್ಕಡಿ ಎದುರಿಗೆ ಬರುತ್ತವೆ. ಹಾಗಿರುವಾಗ ಒಂದೇ ಖಾನಾವಳಿಯ ಬಗ್ಗೆ ಇಷ್ಟು ದೀರ್ಘವಾಗಿ ಬರೆಯಲು ಕಾರಣ ಬೇಕು. ಅಲ್ಲಿನ ಅಡುಗೆ ಚೆನ್ನಾಗಿದೆ ಎಂಬುದು ಒಂದು ಕಾರಣ. ಅಲ್ಲಿ ಮೀನು ಕೊಯ್ಯುವವರು, ಮಸಾಲೆ ರುಬ್ಬುವವರು, ಬಡಿಸುವವರು, ಗಲ್ಲೆಯ ಹಿಂದೆ ಕುಳಿತು ಹಣ ಎಣಿಸುವವರು, ಇವರಲ್ಲಿ ಹೆಚ್ಚಿನವರು ಶಿಕ್ಷೆ ಮುಗಿಸಿ ಜೈಲಿನಿಂದ ಹೊರಬಂದವರು ಎಂಬುದು ಇನ್ನೊಂದು ಕಾರಣ.

ಖಾನಾವಳಿಯ ಹೆಸರನ್ನಾಗಲಿ, ಅದು ಇರುವ ಓಣಿಯನ್ನಾಗಲಿ ನಾನು ಬರೆಯುವುದಿಲ್ಲ. ವಿಮರ್ಶೆ ಬರೆಯುವವನು ಮೊದಲು ವಿಳಾಸ ಹೇಳಬೇಕೆಂಬುದು ನನಗೆ ಗೊತ್ತು. ಆದರೆ ಮಾಲಕಿಯವರು ಬರೆಯಲು ಒಪ್ಪಿದ್ದೇ ಈ ಷರತ್ತಿನ ಮೇಲೆ. ಅವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನಮ್ಮ ಜಿಲ್ಲೆಯ ರೂಢಿಯಂತೆ ಎಲ್ಲರಿಗೂ ಅವರು ಅಕ್ಕೋರು. ಕೆಲಸದ ಹುಡುಗರಿಗೂ ಅಕ್ಕೋರು, ಊಟಕ್ಕೆ ಬರುವ ವಕೀಲರಿಗೂ ಅಕ್ಕೋರು. "ಜೈಲಿನವರ ಹೋಟೆಲು ಅಂತ ಹೆಸರು ಬಿದ್ದರೆ ಒಂದು ತಿಂಗಳು ಜನ ನೋಡಲಿಕ್ಕೆ ಬರ್ತಾರೆ, ಶಿರಸ್ತೇದಾರರೆ. ಆಮೇಲೆ ಈ ಹುಡುಗರಿಗೆ ಬಾಡಿಗೆಗೆ ಖೋಲಿ ಕೊಡುವವರು ಯಾರು?" ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಬೇರೆ ಕಡೆಗಳಲ್ಲಿ ಜೈಲಿನ ಹೆಸರೇ ಅಂಗಡಿಯ ಹಲಗೆಯಾಗುವುದುಂಟು. ದೆಹಲಿಯ ತಿಹಾರ್ ಜೈಲಿನ ಬೇಕರಿ ತಿನಿಸುಗಳು ಟಿಜೆಸ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ಕೇರಳದ ಜೈಲುಗಳ ಚಪಾತಿ ಅಲ್ಲಿ ಮನೆಮಾತು. ಶಿಮ್ಲಾದಲ್ಲಿ 2017ರಲ್ಲಿ ಜೀವಾವಧಿ ಶಿಕ್ಷೆಗೊಳಗಾದ ಬಂದಿಗಳೇ ನಡೆಸುವ ಪುಸ್ತಕ ಕೆಫೆಯೊಂದು ತೆರೆಯಿತು. ಇಂಗ್ಲೆಂಡಿನ ಹೈ ಡೌನ್ ಜೈಲಿನೊಳಗೆ 2009ರಲ್ಲಿ ಕ್ಲಿಂಕ್ ಎಂಬ ಉಪಾಹಾರ ಗೃಹ ಶುರುವಾಗಿ, ಹೊರಗಿನವರು ಮೊದಲೇ ಜಾಗ ಕಾಯ್ದಿರಿಸಿ ಊಟಕ್ಕೆ ಹೋಗುತ್ತಾರೆ. ಅವೆಲ್ಲ ಸರ್ಕಾರದ ಇಲ್ಲವೇ ದೊಡ್ಡ ಸಂಸ್ಥೆಗಳ ಆಸರೆಯಲ್ಲಿ ನಡೆದ ಕೆಲಸಗಳು. ಅಕ್ಕೋರ ಖಾನಾವಳಿ ಹನ್ನೊಂದು ಮೇಜುಗಳ ಬಾಡಿಗೆ ಕಟ್ಟಡ.

ನಾನು ಮೂವತ್ತೊಂದು ವರ್ಷ ಈ ಜಿಲ್ಲೆಯ ಬೇರೆ ಬೇರೆ ನ್ಯಾಯಾಲಯಗಳಲ್ಲಿ ಕೆಲಸ ಮಾಡಿ ಶಿರಸ್ತೇದಾರನಾಗಿ ನಿವೃತ್ತನಾದವನು. ಬೆಂಚ್ ಕ್ಲರ್ಕ್ ಆಗಿದ್ದ ದಿನಗಳಲ್ಲಿ ಎಷ್ಟೋ ಜನರ ಶಿಕ್ಷೆಯ ವಾರಂಟುಗಳನ್ನು ನನ್ನ ಕೈಯಿಂದಲೇ ತುಂಬಿದ್ದೇನೆ. ಎಷ್ಟು ವರ್ಷ, ಎಷ್ಟು ದಂಡ, ದಂಡ ಕಟ್ಟದಿದ್ದರೆ ಇನ್ನೆಷ್ಟು ತಿಂಗಳು, ವಿಚಾರಣೆಯ ಕಾಲದಲ್ಲಿ ಒಳಗಿದ್ದ ದಿನಗಳ ವಜಾ ಎಷ್ಟು ಎಂಬುದೆಲ್ಲ ಆ ಕಡತದಲ್ಲಿ ಇರುತ್ತದೆ. ಅವಧಿ ಮುಗಿದ ರಾತ್ರಿ ಆ ಮನುಷ್ಯ ಎಲ್ಲಿ ಮಲಗಬೇಕು ಎಂಬುದಕ್ಕೆ ಅದರಲ್ಲಿ ಕಾಲಂ ಇಲ್ಲ. ಅಪರಾಧಿಗಳು ಸುಧಾರಿಸುತ್ತಾರೆಯೇ ಎಂಬ ಚರ್ಚೆಯನ್ನು ನಾನು ವಕೀಲರ ಕೋಣೆಯಲ್ಲಿ, ಚಹಾದಂಗಡಿಯಲ್ಲಿ, ಪತ್ರಿಕೆಗಳಲ್ಲಿ ನೂರಾರು ಸಲ ಕೇಳಿದ್ದೇನೆ. ಅದಕ್ಕೆ ಸಂಬಂಧಪಟ್ಟ ಯಾವುದನ್ನಾದರೂ ಕಣ್ಣಾರೆ ಕಂಡು ತೂಗಿ ನೋಡಲು ಸಾಧ್ಯವಾದದ್ದು ಈ ಖಾನಾವಳಿಯಲ್ಲಿ ಮಾತ್ರ.

ಮೊದಲು ಊಟದ ವಿಷಯ. ಸಾದಾ ಮೀನೂಟಕ್ಕೆ 130 ರೂಪಾಯಿ. ಅದರಲ್ಲಿ ಕುಚಲಕ್ಕಿ ಅಥವಾ ಬೆಳ್ತಿಗೆ ಅನ್ನ, ಬಂಗಡೆ ಇಲ್ಲವೇ ತಾರ್ಲೆಯ ಹುಮಣ, ಒಂದು ಪಲ್ಯ, ಉಪ್ಪಿನಕಾಯಿ ಮತ್ತು ಸೋಲ್ಕಡಿ ಇರುತ್ತವೆ. ಹುರಿದ ಮೀನಿಗೆ ಆ ದಿನದ ದರ. ಬೆಳಿಗ್ಗೆ ಬಂದರಿನಲ್ಲಿ ಕೊಂಡ ಬೆಲೆ ನೋಡಿ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತಾರೆ. ಹುಮಣಕ್ಕೆ ಜುಮ್ಮನಕಾಯಿ ಹಾಕುವ ರೀತಿಯನ್ನು ನಾನು ವಿಶೇಷವಾಗಿ ಹೇಳಬೇಕು. ಕೊಂಕಣಿಯವರು ತೆಪ್ಪಲ ಎನ್ನುವ ಈ ಕಾಯಿಯ ಕಪ್ಪು ಬೀಜವನ್ನು ತೆಗೆದು, ಸಿಪ್ಪೆಯನ್ನು ಮಾತ್ರ ನೀರಿನಲ್ಲಿ ಜಜ್ಜಿ, ಸಾರು ಕುದಿದು ಕೆಳಗಿಳಿಸುವ ಹೊತ್ತಿಗೆ ಹಾಕಬೇಕು. ಮೊದಲೇ ಹಾಕಿದರೆ ಪರಿಮಳ ಹಾರಿಹೋಗುತ್ತದೆ; ಬೀಜ ಉಳಿದರೆ ನಾಲಿಗೆಗೆ ಮರಳಿನಂತೆ ಸಿಗುತ್ತದೆ. ಇಲ್ಲಿನ ಹುಮಣದಲ್ಲಿ ಆ ಪರಿಮಳ ಮೊದಲ ತುತ್ತಿಗೇ ಮೂಗಿಗೆ ಬರುತ್ತದೆ, ತುಟಿಯ ಅಂಚು ಜುಮ್ಮೆನ್ನುತ್ತದೆ, ತೆಂಗಿನ ಕಾಯಿಯ ಮಂದ ಹದವಾಗಿರುತ್ತದೆ. ಬಂಗಡೆ ಬೆಂದು ಮುರಿದುಹೋಗಿರುವುದನ್ನು ಎರಡು ವರ್ಷಗಳಲ್ಲಿ ನಾನು ಒಮ್ಮೆಯೂ ನೋಡಿಲ್ಲ. ಶೆಟ್ಲಿಯ, ಅಂದರೆ ಸಿಗಡಿಯ, ಸುಕ್ಕೆ ಅಷ್ಟು ಸಮಾಧಾನಕರವಲ್ಲ. ಮೂರು ಸಲ ತಿಂದಾಗ ಎರಡು ಸಲ ಉಪ್ಪು ಮುಂದಾಗಿತ್ತು. ಮಧ್ಯಾಹ್ನ ಎರಡು ಗಂಟೆಯ ನಂತರ ಹೋದರೆ ಸೋಲ್ಕಡಿ ತೆಳುವಾಗಿರುತ್ತದೆ, ಮುರುಗಲು ನೀರು ಹೆಚ್ಚು, ಕಾಯಿಹಾಲು ಕಡಿಮೆ. ಮೀನು ತಿನ್ನದವರಿಗೆ ಇಲ್ಲಿ ಆಯ್ಕೆ ಬಹಳ ಕಡಿಮೆ.

ಈ ಹುಮಣ ಮಾಡುವವರು ಐವತ್ತರ ಸಮೀಪದ, ಮಿತಭಾಷಿಯಾದ ಒಬ್ಬರು. ಅವರ ಪ್ರಕರಣ ಏನು ಎಂದು ನಾನು ಕೇಳಿಲ್ಲ, ಕೇಳಿದ್ದರೂ ಇಲ್ಲಿ ಬರೆಯುತ್ತಿರಲಿಲ್ಲ. ಅಡುಗೆಯನ್ನು ಅವರು ಕಲಿತದ್ದು ಕೇಂದ್ರ ಕಾರಾಗೃಹದ ಅಡುಗೆ ಮನೆಯಲ್ಲಿ, ನೂರಾರು ಜನರಿಗೆ ಬೇಳೆ ಸಾರು ಕುದಿಸುವ ಹಂಡೆಗಳ ಮುಂದೆ. ಅಲ್ಲಿಂದ ತಂದದ್ದು ಅಳತೆಯ ಶಿಸ್ತು ಮತ್ತು ಬೆಳಿಗ್ಗೆ ನಾಲ್ಕಕ್ಕೆ ಏಳುವ ಅಭ್ಯಾಸ ಮಾತ್ರ. ಮೀನಿನ ಕೈ ಬಂದದ್ದು ಅಕ್ಕೋರಿಂದ. ಜೈಲಿನೊಳಗಿನ ತರಬೇತಿಯ ಬಗ್ಗೆ ಮಾತನಾಡುವಾಗ ನಾವು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ. ಬಡಗಿ ಕೆಲಸ, ಮಗ್ಗ, ಹೊಲಿಗೆ, ಬೇಕರಿ ಎಂದು ಕಲಿಸುವ ವಿಭಾಗಗಳು ಇರುವುದು ಹೆಚ್ಚಾಗಿ ಬೆಳಗಾವಿಯ ಹಿಂಡಲಗಾ, ಮೈಸೂರು, ಬೆಂಗಳೂರಿನ ಪರಪ್ಪನ ಅಗ್ರಹಾರದಂತಹ ಕೇಂದ್ರ ಕಾರಾಗೃಹಗಳಲ್ಲಿ. ಅವು ಮುಖ್ಯವಾಗಿ ಸಜಾ ಬಂದಿಗಳಿಗೆ, ಅಂದರೆ ಶಿಕ್ಷೆಯಾದವರಿಗೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ ಶೇ. 75.8ರಷ್ಟು ವಿಚಾರಣಾಧೀನ ಬಂದಿಗಳು, ಅಂದರೆ ತೀರ್ಪಿಗಾಗಿ ಕಾಯುತ್ತಿರುವವರು. ಅಪರಾಧ ಇನ್ನೂ ಸಾಬೀತಾಗದ ಮನುಷ್ಯನನ್ನು ಸುಧಾರಿಸುವ ಪ್ರಶ್ನೆಯೇ ಕಾನೂನಿನ ಮುಂದೆ ಏಳುವುದಿಲ್ಲ. ಆದರೆ ಆತನ ಕೆಲಸ ಹೋಗುತ್ತದೆ, ಖೋಲಿ ಹೋಗುತ್ತದೆ, ಊರಿನಲ್ಲಿ ಹೆಸರು ಹೋಗುತ್ತದೆ. ಅಕ್ಕೋರ ಬಳಿ ಕೆಲಸಕ್ಕಿರುವವರಲ್ಲಿ ಒಬ್ಬ ಹುಡುಗ ಹೀಗೆಯೇ ಎರಡು ವರ್ಷ ಒಳಗಿದ್ದು ಕೊನೆಗೆ ಖುಲಾಸೆಯಾದವನು. ಖುಲಾಸೆಯ ತೀರ್ಪಿನ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಚಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡೇ ಬಡಿಸುತ್ತಾನೆ. ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಅದನ್ನು ತೋರಿಸಿದ್ದಾನೆ. ಓದಿದವರು ಯಾರೂ ಇರಲಿಲ್ಲವಂತೆ.

ಸುಧಾರಣೆ ಸಾಧ್ಯವೇ ಇಲ್ಲ ಎನ್ನುವವರು ಆಧಾರವಾಗಿ ಹಿಡಿಯುವ ಹೆಸರು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮಾರ್ಟಿನ್‌ಸನ್ ಅವರದು. ಅವರು ಮತ್ತು ಜೊತೆಗಾರರು 1945ರಿಂದ 1967ರವರೆಗಿನ 231 ಅಧ್ಯಯನಗಳನ್ನು ಪರಿಶೀಲಿಸಿದ್ದರು. 1974ರಲ್ಲಿ ಅವರು ಬರೆದ ಲೇಖನದ ಸಾರವನ್ನು, ಬಂದಿಗಳ ಸುಧಾರಣೆಗಾಗಿ ಮಾಡಿದ ಯಾವುದೂ ಫಲ ಕೊಟ್ಟಿಲ್ಲ ಎಂಬ ಒಂದು ವಾಕ್ಯಕ್ಕೆ ಇಳಿಸಿ ರಾಜಕಾರಣಿಗಳು ಎರಡು ದಶಕ ಬಳಸಿದರು. ಲೇಖನ ಅಷ್ಟು ಸರಳವಾಗಿರಲಿಲ್ಲ. ಅನೇಕ ಅಧ್ಯಯನಗಳ ವಿಧಾನವೇ ದುರ್ಬಲವಾಗಿತ್ತು, ಎಷ್ಟೋ ಕಡೆ ಕಾರ್ಯಕ್ರಮ ಕಾಗದದ ಮೇಲೆ ಮಾತ್ರ ನಡೆದಿತ್ತು. 1979ರಲ್ಲಿ ಮಾರ್ಟಿನ್‌ಸನ್ ತಮ್ಮ ನಿಲುವನ್ನು ತಾವೇ ತಿದ್ದಿಕೊಂಡು, ಕೆಲವು ಕಾರ್ಯಕ್ರಮಗಳು ಮರು ಅಪರಾಧವನ್ನು ತಗ್ಗಿಸುತ್ತವೆ, ಕೆಲವು ಕೆಡಿಸುತ್ತವೆ, ಯಾವುದು ಎಲ್ಲಿ ಹೇಗೆ ನಡೆಯಿತು ಎಂಬುದೇ ಮುಖ್ಯ ಎಂದು ಬರೆದರು. ಮೊದಲ ಲೇಖನಕ್ಕೆ ಸಿಕ್ಕ ಪ್ರಚಾರದ ನೂರರಲ್ಲೊಂದು ಪಾಲೂ ಎರಡನೆಯದಕ್ಕೆ ಸಿಗಲಿಲ್ಲ. ನ್ಯಾಯಾಲಯದಲ್ಲಿ ಕೆಲಸ ಮಾಡಿದವನಾಗಿ ನನಗೆ ಇದು ಬೇಸರ ತರಿಸುತ್ತದೆ, ಏಕೆಂದರೆ ಮೇಲ್ಮನವಿಯಲ್ಲಿ ತಿದ್ದಲ್ಪಟ್ಟ ತೀರ್ಪನ್ನು ಬಿಟ್ಟು ಕೆಳಗಿನ ತೀರ್ಪನ್ನೇ ಉಲ್ಲೇಖಿಸುವ ವಕೀಲರನ್ನು ನ್ಯಾಯಾಧೀಶರು ಸುಮ್ಮನೆ ಬಿಡುವುದಿಲ್ಲ.

ಸಾಧ್ಯ ಎನ್ನುವವರು ನಾರ್ವೆಯನ್ನು ತೋರಿಸುತ್ತಾರೆ. ಅಲ್ಲಿ ಬಿಡುಗಡೆಯಾದ ಎರಡು ವರ್ಷಗಳೊಳಗೆ ಮತ್ತೆ ಶಿಕ್ಷೆಗೊಳಗಾಗುವವರು ಶೇ. 20ರ ಆಸುಪಾಸು. ಅಮೆರಿಕದಲ್ಲಿ 2005ರಲ್ಲಿ 30 ರಾಜ್ಯಗಳ ಜೈಲುಗಳಿಂದ ಹೊರಬಂದವರಲ್ಲಿ ಮೂರು ವರ್ಷಗಳೊಳಗೆ ಶೇ. 68ರಷ್ಟು, ಐದು ವರ್ಷಗಳೊಳಗೆ ಶೇ. 77ರಷ್ಟು ಜನ ಮತ್ತೆ ಬಂಧನಕ್ಕೊಳಗಾದರು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಗೆದ್ದೆವು ಎನ್ನುವುದು ಸರಿಯಲ್ಲ. ಒಂದು ಶಿಕ್ಷೆಯ ಲೆಕ್ಕ, ಇನ್ನೊಂದು ಬಂಧನದ ಲೆಕ್ಕ. ಒಂದು ಎರಡು ವರ್ಷದ್ದು, ಇನ್ನೊಂದು ಐದು ವರ್ಷದ್ದು. ಬಂಧನವಾದವರೆಲ್ಲ ಅಪರಾಧಿಗಳಲ್ಲ ಎಂಬುದನ್ನು ಮೇಲೆ ಹೇಳಿದ ಹುಡುಗನ ಒಳಜೇಬಿನಲ್ಲಿರುವ ಕಾಗದವೇ ಹೇಳುತ್ತದೆ. ಸುಧಾರಣೆಯ ಪರವಾಗಿರುವ ನನಗೆ ನಮ್ಮ ಕಡೆಯವರೇ ಅಂಕಿಗಳನ್ನು ಹೀಗೆ ಬಳಸುವುದು ಒಪ್ಪಿಗೆಯಿಲ್ಲ.

ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು ಬೇರೆ ಎರಡು ಕೆಲಸಗಳು. ಬಾಸ್ಟನ್ ನಗರದ ಐನೂರು ಬಾಲಾಪರಾಧಿಗಳ ಬಗ್ಗೆ ಗ್ಲೂಕ್ ದಂಪತಿ ಕಲೆಹಾಕಿದ್ದ ಹಳೆಯ ಕಡತಗಳನ್ನು ರಾಬರ್ಟ್ ಸ್ಯಾಂಪ್ಸನ್ ಮತ್ತು ಜಾನ್ ಲಾಬ್ ಎಂಬ ಸಂಶೋಧಕರು ಮತ್ತೆ ತೆರೆದು, ಆ ಹುಡುಗರ ಬದುಕನ್ನು ವೃದ್ಧಾಪ್ಯದವರೆಗೆ ಹಿಂಬಾಲಿಸಿದರು. ಬಾಲ್ಯದ ಲಕ್ಷಣ ನೋಡಿ ಯಾರು ಸುಧಾರಿಸುತ್ತಾರೆ ಎಂದು ಹೇಳುವುದು ಅಸಾಧ್ಯವಾಗಿತ್ತು. ಸ್ಥಿರವಾದ ಉದ್ಯೋಗ ಮತ್ತು ಗಟ್ಟಿಯಾದ ಸಂಸಾರ ಸಿಕ್ಕವರು ಅಪರಾಧದಿಂದ ದೂರ ಸರಿದಿದ್ದರು. ಇನ್ನೊಂದು, 1970ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಉದ್ಯೋಗ ನೀಡುವ ಪ್ರಯೋಗದ ಮರು ವಿಶ್ಲೇಷಣೆ. ಕ್ರಿಸ್ಟೋಫರ್ ಉಗ್ಗೆನ್ ಅದನ್ನು 2000ದಲ್ಲಿ ಪ್ರಕಟಿಸಿದಾಗ ಕಂಡದ್ದೇನೆಂದರೆ, ಇಪ್ಪತ್ತೇಳು ವರ್ಷ ತುಂಬಿದವರಿಗೆ ಕೊಟ್ಟ ಕೆಲಸ ಅವರನ್ನು ಅಪರಾಧದಿಂದ ತಡೆಯಿತು, ಅದಕ್ಕಿಂತ ಕಿರಿಯರಲ್ಲಿ ಕೆಲಸ ಕೊಟ್ಟರೂ ಕೊಡದಿದ್ದರೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

ಇದನ್ನು ನಾನು ಒಂದು ಸಂಜೆ ಅಕ್ಕೋರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಕಳೆದ ವರ್ಷದ ಗಣೇಶ ಹಬ್ಬದ ಸಮಯದಲ್ಲಿ ಇಪ್ಪತ್ತೊಂದು ವರ್ಷದ ಒಬ್ಬ ಹುಡುಗ ಗಲ್ಲೆಯಲ್ಲಿದ್ದ ಮೂರು ದಿನಗಳ ವ್ಯಾಪಾರದ ಹಣವನ್ನು ತೆಗೆದುಕೊಂಡು ಹೋಗಿಬಿಟ್ಟಿದ್ದ. ಅವನಿಗೆ ಅಂಗಡಿಯ ಹಿಂದಿನ ಖೋಲಿಯಲ್ಲಿ ಒಬ್ಬನೇ ಇರಲು ಜಾಗ ಕೊಟ್ಟಿದ್ದರು, ಕೀಲಿಯನ್ನೂ ಕೊಟ್ಟಿದ್ದರು. ಅಕ್ಕೋರು ಪೊಲೀಸರಿಗೆ ದೂರು ಕೊಡಲಿಲ್ಲ. ಈ ನಿರ್ಧಾರವನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಮರುಕಳಿಸಿದ ಅಪರಾಧವನ್ನು ಮುಚ್ಚಿಟ್ಟರೆ ಸುಧಾರಣೆಯ ಲೆಕ್ಕ ಸುಳ್ಳಾಗುತ್ತದೆ, ಅಲ್ಲಿಯೇ ನಿಯತ್ತಿನಿಂದ ದುಡಿಯುತ್ತಿರುವ ಉಳಿದವರ ಮೇಲೆ ಕಾರಣವಿಲ್ಲದೆ ಸಂಶಯದ ನೆರಳು ಬೀಳುತ್ತದೆ. ದೂರು ಕೊಟ್ಟು, ವಿಚಾರಣೆಯಾಗಿ, ಅವನಿಗೆ ಕಾಯ್ದೆಯಲ್ಲಿರುವ ಅವಕಾಶ ಸಿಗಲಿ ಎಂದು ಕೇಳಬಹುದಿತ್ತು. "ಅವನು ನಾಲ್ಕನೇ ಇಯತ್ತೆಯಲ್ಲಿ ನನ್ನ ಕೈಯಲ್ಲೇ ಕಲಿತವ. ನಾನು ಹೋಗಿ ಬರೆದುಕೊಡಲಾ?" ಎಂದಷ್ಟೇ ಅವರು ಹೇಳಿದರು. ಆ ಘಟನೆಯ ನಂತರ ಮಾತ್ರ ಅವರು ಎರಡು ಬದಲಾವಣೆ ಮಾಡಿದ್ದಾರೆ. ಗಲ್ಲೆಯ ಹಣವನ್ನು ರಾತ್ರಿ ಇಬ್ಬರು ಗಟ್ಟಿಯಾಗಿ ಎಣಿಸಿ, ಇಬ್ಬರೂ ಸಹಿ ಮಾಡುತ್ತಾರೆ. ಇಪ್ಪತ್ತೈದರ ಒಳಗಿನವರನ್ನು ಒಬ್ಬೊಬ್ಬರನ್ನೇ ಇರಿಸದೆ, ಹುಮಣದ ಅಡುಗೆಯವರಂತಹ ಹಿರಿಯರ ಜೊತೆ ಇರಿಸುತ್ತಾರೆ.

ನಾನು ಹೇಳಿದ ಕಾಯ್ದೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಲ್ಲದ ಅಪರಾಧಗಳಲ್ಲಿ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಬೇಕಿದ್ದರೆ ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಯಲ್ಲಿ, ಅಪರಾಧಿಯನ್ನು ಬಿಡುಗಡೆ ಮಾಡಲು ಅದರ 4ನೇ ಕಲಂ ಅವಕಾಶ ಕೊಡುತ್ತದೆ. ಇಪ್ಪತ್ತೊಂದು ವರ್ಷದೊಳಗಿನವರನ್ನು ಜೈಲಿಗೆ ಕಳುಹಿಸುವುದಾದರೆ ನ್ಯಾಯಾಲಯ ಕಾರಣಗಳನ್ನು ದಾಖಲಿಸಬೇಕೆಂದು 6ನೇ ಕಲಂ ಹೇಳುತ್ತದೆ. 12ನೇ ಕಲಂ ಇನ್ನೂ ಮುಂದೆ ಹೋಗಿ, ಹೀಗೆ ಬಿಡುಗಡೆಯಾದವನಿಗೆ ಶಿಕ್ಷೆಯ ಜೊತೆಗೆ ಅಂಟಿಕೊಳ್ಳುವ ಅನರ್ಹತೆಗಳು ತಟ್ಟಬಾರದು ಎನ್ನುತ್ತದೆ. ಕಾನೂನಿನ ಮಟ್ಟದಲ್ಲಿ ನಮ್ಮ ದೇಶ ಸುಧಾರಣೆಯ ಪರವಾಗಿ ಬಹಳ ಹಿಂದೆಯೇ ನಿಂತಿದೆ. 1977ರಲ್ಲಿ ವಂಚನೆಯ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು, ಸರ್ಕಾರದ ಕೆಲಸ ಸೇಡು ತೀರಿಸಿಕೊಳ್ಳುವುದಲ್ಲ, ಮನುಷ್ಯನನ್ನು ಮತ್ತೆ ನೆಲೆಗೊಳಿಸುವುದು ಎಂಬ ಅರ್ಥದಲ್ಲಿ ಬರೆದರು. 1980ರಿಂದ 1983ರವರೆಗೆ ಕೆಲಸ ಮಾಡಿದ ನ್ಯಾಯಮೂರ್ತಿ ಮುಲ್ಲಾ ಸಮಿತಿ ಜೈಲು ಸುಧಾರಣೆಯ ಬಗ್ಗೆ ವಿಸ್ತಾರವಾದ ಶಿಫಾರಸುಗಳನ್ನು ಕೊಟ್ಟಿತು, ಬಿಡುಗಡೆಯ ನಂತರದ ಆರೈಕೆಯೂ ಅದರಲ್ಲಿತ್ತು. ನಮ್ಮ ರಾಜ್ಯದಲ್ಲಿ ಇಲಾಖೆಯ ಹೆಸರೇ ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆ ಎಂದಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯೂ ಒಂದು ಶಿಕ್ಷೆಯಾಗಿ ಸೇರಿದೆ. ಇಷ್ಟೆಲ್ಲ ಇದ್ದೂ ಜೈಲಿನ ಗೇಟಿನಿಂದ ಬಸ್ ನಿಲ್ದಾಣದವರೆಗಿನ ದಾರಿ ಖಾಲಿಯಾಗಿಯೇ ಉಳಿದಿದೆ.

ಅಕ್ಕೋರು ಆ ದಾರಿಯಲ್ಲಿ ಏನು ಇಟ್ಟಿದ್ದಾರೆ ಎಂಬುದನ್ನು ಹೇಳುವುದೇ ಈ ಸೇವೆಯ ನಿಜವಾದ ವಿಮರ್ಶೆ. ಅವರ ತಮ್ಮ ಒಬ್ಬರು ಬಹಳ ವರ್ಷಗಳ ಹಿಂದೆ ಹೊಡೆದಾಟದ ಪ್ರಕರಣದಲ್ಲಿ ಶಿಕ್ಷೆ ಅನುಭವಿಸಿ ಬಂದ ಮೇಲೆ ಯಾವ ಬೋಟಿನವರೂ ಕೆಲಸಕ್ಕೆ ಕರೆಯಲಿಲ್ಲ. ಮನೆಯಲ್ಲೇ ಕುಡಿದು ಕುಡಿದು ನಾಲ್ಕು ವರ್ಷಗಳಲ್ಲಿ ತೀರಿಕೊಂಡರು. ನಿವೃತ್ತಿಯ ಹಣ ಬಂದಾಗ ಅವರು ಈ ಖಾನಾವಳಿ ತೆರೆದದ್ದಕ್ಕೆ ಅದೇ ಹಿನ್ನೆಲೆ. ಕೆಲಸಕ್ಕೆ ಬಂದವರಿಗೆ ಮೊದಲ ದಿನವೇ ಉಪದೇಶ ಮಾಡುವ ಪದ್ಧತಿ ಅಲ್ಲಿಲ್ಲ. ಇರಲು ಖೋಲಿ, ಎರಡು ಹೊತ್ತಿನ ಊಟ, ಶನಿವಾರಕ್ಕೆ ತಪ್ಪದೆ ಪಗಾರ. ಮೊದಲ ತಿಂಗಳಲ್ಲಿ ಆಧಾರ್ ಕಾರ್ಡಿನ ವಿಳಾಸ ಸರಿಪಡಿಸುವುದು, ಬ್ಯಾಂಕಿನಲ್ಲಿ ಖಾತೆ ತೆರೆಸುವುದು, ಅರ್ಧಕ್ಕೆ ನಿಂತ ಪಡಿತರ ಚೀಟಿಯನ್ನು ಮತ್ತೆ ಚಾಲ್ತಿಗೆ ತರುವುದು. ಇದಕ್ಕಾಗಿ ಅವರು ತಾಲೂಕು ಕಚೇರಿಯ ಸಾಲಿನಲ್ಲಿ ತಾವೇ ನಿಲ್ಲುತ್ತಾರೆ. ಈ ಸಣ್ಣ ಕೆಲಸಗಳಲ್ಲಿ ಒಂದು ನಿಂತರೂ ಮುಂದಿನದು ನಿಲ್ಲುತ್ತದೆ: ವಿಳಾಸವಿಲ್ಲದೆ ಖಾತೆಯಿಲ್ಲ, ಖಾತೆಯಿಲ್ಲದೆ ಜೈಲಿನಲ್ಲಿ ದುಡಿದ ಕೂಲಿಯನ್ನು ಇಡುವ ಜಾಗವಿಲ್ಲ, ಕೈಯಲ್ಲಿ ನಗದು ಹಿಡಿದು ತಿರುಗುವವನ ಸುತ್ತ ಹಳೆಯ ಸ್ನೇಹಿತರು ಸೇರಲು ಹೆಚ್ಚು ದಿನ ಬೇಕಾಗುವುದಿಲ್ಲ.

ಒಂದು ವಸ್ತುವನ್ನು ಹತ್ತಿರದಿಂದ ತೋರಿಸಬೇಕೆನಿಸುತ್ತದೆ. ಗಲ್ಲೆಯ ಪಕ್ಕದಲ್ಲಿ ನೂರು ಪುಟದ ಒಂದು ಶಾಲಾ ಪಟ್ಟಿ, ಅಂದರೆ ನೋಟುಪುಸ್ತಕ, ಇದೆ, ರಟ್ಟಿಗೆ ಕಂದು ಕಾಗದದ ಹೊದಿಕೆ ಹಾಕಿದೆ. ಶಿಕ್ಷಕಿಯಾಗಿದ್ದ ಅಭ್ಯಾಸದಿಂದ ಅಕ್ಕೋರು ಆರಂಭದಲ್ಲಿ ಬೆಳಿಗ್ಗೆ ಹೆಸರು ಕೂಗಿ ಹಾಜರಿ ಹಾಕುತ್ತಿದ್ದರು. ಮೂರನೆಯ ದಿನ ಹುಮಣದ ಅಡುಗೆಯವರು ಬಂದು, "ಅಕ್ಕೋರೆ, ಬೇರೆ ಏನು ಹೇಳಿದರೂ ಕೇಳ್ತೇನೆ, ಹೆಸರು ಕೂಗಬೇಡಿ" ಎಂದರಂತೆ. ಜೈಲಿನಲ್ಲಿ ಬೆಳಿಗ್ಗೆ, ಸಂಜೆ ಎಣಿಕೆ ಇರುತ್ತದೆ. ವರ್ಷಗಟ್ಟಲೆ ಎಣಿಸಿಕೊಂಡವರಿಗೆ ಆ ಕೂಗು ಏನು ನೆನಪು ತರುತ್ತದೆಂಬುದು ಅವರಿಗೆ ಹೊಳೆದಿರಲಿಲ್ಲ. ಅಂದಿನಿಂದ ಪ್ರತಿಯೊಬ್ಬರೂ ಬಂದ ಹೊತ್ತನ್ನು, ಹೆಸರನ್ನು ತಾವೇ ಪಟ್ಟಿಯಲ್ಲಿ ಬರೆಯುತ್ತಾರೆ. ನಾನು ಅದರ ಹಳೆಯ ಪುಟಗಳನ್ನು ತಿರುವಿ ನೋಡಿದೆ. ಪಾತ್ರೆ ತೊಳೆಯುವ ಒಬ್ಬರ ಹೆಸರಿನ ಜಾಗದಲ್ಲಿ ಮೊದಮೊದಲು ಹೆಬ್ಬೆಟ್ಟಿನ ನೀಲಿ ಗುರುತು ಇದೆ. ಇಪ್ಪತ್ತನೆಯ ಪುಟದ ಸುಮಾರಿಗೆ ಗೆರೆಯಿಂದ ಕೆಳಗೆ ಜಾರಿದ ದೊಡ್ಡ ಅಕ್ಷರಗಳು. ಕೊನೆಯ ಪುಟಗಳಲ್ಲಿ ಗೆರೆಯ ಮೇಲೆ ನಿಂತ, ಒತ್ತಕ್ಷರವೂ ಸರಿಯಾಗಿರುವ ಹೆಸರು. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ, ಮೇಜುಗಳನ್ನು ಒರೆಸಿದ ಮೇಲೆ, ಅಕ್ಕೋರು ಅವರಿಗೆ ಬರವಣಿಗೆ ಕಲಿಸಿದ್ದಾರೆ.

ಈ ವಿಷಯವನ್ನು ಹೀಗೆ ಮೆಚ್ಚಿ ಬರೆಯುವವನಿಗೆ ತನ್ನ ಮನೆಯಲ್ಲಿ ಏನೂ ಆಗಿರಲಿಕ್ಕಿಲ್ಲ ಎಂದು ಓದುವವರು ಭಾವಿಸಬಹುದು. 2009ರ ಮಳೆಗಾಲದಲ್ಲಿ ನಮ್ಮ ಮನೆಯ ಹಂಚು ಸರಿಸಿ ಇಳಿದ ಕಳ್ಳರು ನನ್ನ ತಾಯಿಯ ಅವಲಕ್ಕಿ ಸರವನ್ನು ಒಯ್ದರು. ಒಬ್ಬ ಸಿಕ್ಕಿಬಿದ್ದ, ಶಿಕ್ಷೆಯೂ ಆಯಿತು, ಸರ ಸಿಗಲಿಲ್ಲ. ತಾಯಿ ಆಮೇಲೆ ಬದುಕಿದ್ದ ಆರು ವರ್ಷಗಳಲ್ಲಿ ಒಂದು ರಾತ್ರಿಯೂ ದೀಪ ಆರಿಸಿ ಮಲಗಲಿಲ್ಲ. ಆ ಮನುಷ್ಯನಿಗೆ ಜೈಲಿನಲ್ಲಿ ಬಡಗಿ ಕೆಲಸ ಕಲಿಸುತ್ತಾರೆ ಎಂದು ಯಾರಾದರೂ ಅಂದು ನನಗೆ ಹೇಳಿದ್ದರೆ ನಾನು ಕೋಪದಿಂದ ಎದ್ದು ಹೋಗುತ್ತಿದ್ದೆ. ಸುಧಾರಣೆಯ ಪರವಾಗಿ ಮಾತನಾಡುವವರು ನೊಂದವರನ್ನು ಮರೆಯುತ್ತಾರೆ ಎಂಬ ಆಕ್ಷೇಪ ನ್ಯಾಯವಾದದ್ದು. 1998ರಲ್ಲಿ ಸರ್ವೋಚ್ಚ ನ್ಯಾಯಾಲಯ ಗುಜರಾತ್ ಪ್ರಕರಣವೊಂದರಲ್ಲಿ ಬಂದಿಗಳ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕೆಂದು ಹೇಳಿದಾಗ, ಆ ಕೂಲಿಯ ಒಂದು ಭಾಗ ನೊಂದವರಿಗೆ ಪರಿಹಾರವಾಗಿ ಹೋಗುವಂತೆ ರಾಜ್ಯಗಳು ಕಾನೂನು ಮಾಡಬೇಕೆಂದೂ ಹೇಳಿತು. ಇವೆರಡನ್ನೂ ಒಂದೇ ತೀರ್ಪಿನಲ್ಲಿ ಕಟ್ಟಿಕೊಟ್ಟದ್ದು ನನಗೆ ಬಹಳ ಸರಿಯೆನಿಸುತ್ತದೆ. ತಾಯಿಗೆ ಆ ಮನುಷ್ಯನಿಂದ ತಿಂಗಳಿಗೆ ನೂರು ರೂಪಾಯಿ ಬಂದಿದ್ದರೂ, ಹಣಕ್ಕಾಗಿ ಅಲ್ಲ, ಯಾರೋ ಲೆಕ್ಕ ಇಟ್ಟಿದ್ದಾರೆ ಎಂಬ ಕಾರಣಕ್ಕೆ, ಅವಳು ಸ್ವಲ್ಪ ನೆಮ್ಮದಿಯಿಂದ ಮಲಗುತ್ತಿದ್ದಳೇನೋ. ಅಕ್ಕೋರ ಖಾನಾವಳಿಯಲ್ಲಿ ಇಂತಹ ವ್ಯವಸ್ಥೆ ಇಲ್ಲ. ಇದನ್ನು ನಾನು ಅವರಿಗೆ ಹೇಳಿದ್ದೇನೆ. ಅವರು ಯೋಚಿಸುತ್ತೇನೆ ಎಂದಿದ್ದಾರೆ.

ಇನ್ನೊಂದು ಮಿತಿಯನ್ನೂ ಹೇಳಬೇಕು. ಅಕ್ಕೋರ ಬಳಿಗೆ ಬರುವವರು ಬದಲಾಗಬೇಕೆಂದು ಈಗಾಗಲೇ ನಿಶ್ಚಯಿಸಿದವರು. ಹಾಗಲ್ಲದವರು ಮೀನು ಕೊಯ್ಯುವ ಕೆಲಸ ಕೇಳಿಕೊಂಡು ಬರುವುದಿಲ್ಲ. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳಲ್ಲಿ ಶಿಕ್ಷೆಯಾದವರನ್ನು ಅವರು ತೆಗೆದುಕೊಳ್ಳುವುದಿಲ್ಲ, ಅಡುಗೆ ಮನೆಯಲ್ಲಿ ಇಬ್ಬರು ಮಹಿಳೆಯರು ಇರುವುದರಿಂದ. ಆದ್ದರಿಂದ ಇಲ್ಲಿನ ಯಶಸ್ಸನ್ನು ಎಲ್ಲ ಅಪರಾಧಿಗಳಿಗೆ ಅನ್ವಯಿಸಿ ಹೇಳುವ ಹಕ್ಕು ನನಗಿಲ್ಲ. ಆದರೆ ಬದಲಾಗಬೇಕೆಂದು ನಿಶ್ಚಯಿಸಿ ಹೊರಬಂದವನಿಗೂ ಊರಿನಲ್ಲಿ ಒಂದು ಬಾಗಿಲು ಬೇಕು. ರಾಜಸ್ಥಾನದ ಸಾಂಗಾನೇರ್ ಬಯಲು ಬಂದೀಖಾನೆಯಲ್ಲಿ 1960ರ ದಶಕದಿಂದ ಬಂದಿಗಳು ಸಂಸಾರದೊಂದಿಗೆ ಇದ್ದು, ಹಗಲು ಹೊರಗೆ ದುಡಿದು, ಸಂಜೆ ಮರಳುತ್ತಾರೆ. ಬಿಡುಗಡೆಯ ದಿನ ಬರುವ ಹೊತ್ತಿಗೆ ಅವರ ಕೆಲಸ, ಪರಿಚಯ ಎಲ್ಲ ಸಿದ್ಧವಾಗಿರುತ್ತದೆ. ನಮ್ಮ ರಾಜ್ಯದಲ್ಲಿಯೂ ದೇವನಹಳ್ಳಿ ತಾಲೂಕಿನ ಕೋರಮಂಗಲದಲ್ಲಿ ಒಂದು ಬಯಲು ಬಂದೀಖಾನೆಯಿದೆ. ಕರಾವಳಿಗೆ ಅಂಥದ್ದೊಂದು ಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಬಂದರು, ಬೋಟು, ಮಂಜುಗಡ್ಡೆ ಕಾರ್ಖಾನೆ, ಬಲೆ ಹೆಣೆಯುವ ಕೆಲಸ ಇರುವ ಕಡೆ ದುಡಿಯುವ ಕೈಗಳಿಗೆ ಜಾಗವಿದೆ.

ಮತ್ತೆ ಖಾನಾವಳಿಗೆ ಬರುತ್ತೇನೆ. ಭಾನುವಾರ ಸಂತೆಯ ದಿನ ಇಪ್ಪತ್ತೈದು ನಿಮಿಷ ಕಾಯಬೇಕು. ಕೈ ತೊಳೆಯುವ ನಳ ಬಹಳ ಕೆಳಗಿದೆ, ವಯಸ್ಸಾದವರಿಗೆ ಬಗ್ಗಲು ಕಷ್ಟ. ಗಾಡಿ ನಿಲ್ಲಿಸಲು ಜಾಗವಿಲ್ಲ. ಬಡಿಸುವವರು ಕಡಿಮೆ ಮಾತನಾಡುತ್ತಾರೆ, ಎರಡನೇ ಸಲ ಅನ್ನ ಬೇಕೇ ಎಂದು ಕೇಳಲು ಹಿಂಜರಿಯುತ್ತಾರೆ. ಇದನ್ನು ಒರಟುತನವೆಂದು ತಿಳಿಯಬಾರದು, ಕೈ ಎತ್ತಿದರೆ ಕೂಡಲೇ ಬರುತ್ತಾರೆ. ಪಾತ್ರೆಗಳ ಸ್ವಚ್ಛತೆ, ಮೀನಿನ ತಾಜಾತನ, ಲೆಕ್ಕದ ನಿಖರತೆ ಇವು ಮೂರರಲ್ಲಿ ನನಗೆ ಈ ಊರಿನ ಬೇರಾವ ಖಾನಾವಳಿಯಲ್ಲೂ ಇಷ್ಟು ತೃಪ್ತಿ ಸಿಕ್ಕಿಲ್ಲ. ಒಮ್ಮೆ ನಾನು ಮೇಜಿನ ಮೇಲೆ ಮರೆತುಹೋದ ಪಿಂಚಣಿಯ ಪಾಸ್‌ಬುಕ್ ಮತ್ತು ಅದರೊಳಗಿದ್ದ ಎರಡು ಸಾವಿರದ ನಾನೂರು ರೂಪಾಯಿಯನ್ನು ಒಳಜೇಬಿನಲ್ಲಿ ತೀರ್ಪಿನ ಪ್ರತಿ ಇಟ್ಟುಕೊಳ್ಳುವ ಹುಡುಗ ಮಳೆಯಲ್ಲಿ ನನ್ನ ಮನೆಯವರೆಗೆ ತಂದುಕೊಟ್ಟಿದ್ದಾನೆ. ಒಳಗೆ ಬಾ ಎಂದರೆ ಬರಲಿಲ್ಲ, ಅಂಗಳದಲ್ಲೇ ನಿಂತು ನೋಟುಗಳನ್ನು ಎಣಿಸಿಕೊಳ್ಳಿ ಎಂದ. ಎಣಿಸಬೇಕಾಗಿಲ್ಲ ಎಂದೆ. ಎಣಿಸಲೇಬೇಕು ಎಂದು ನಿಂತ. ಎಣಿಸಿದ ಮೇಲೆಯೇ ಹೋದ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ದೊಡ್ಡ ಮೀನು ಸಿಗುವುದಿಲ್ಲ. ಒಣ ಶೆಟ್ಲಿಯ ಚಟ್ನಿ, ಹೊಳೆ ಮೀನು, ಮೊಟ್ಟೆಯ ಸಾರು ಇರುತ್ತವೆ. ದರ 90 ರೂಪಾಯಿಗೆ ಇಳಿಯುತ್ತದೆ. ಹುಮಣದ ಅಡುಗೆಯವರು ಆಗಸ್ಟ್ ತಿಂಗಳಿನಿಂದ ಆಳಸಮುದ್ರಕ್ಕೆ ಹೋಗುವ ಬೋಟೊಂದರಲ್ಲಿ ಅಡುಗೆ ಕೆಲಸಕ್ಕೆ ಸೇರುತ್ತಿದ್ದಾರೆ. ಬೋಟಿನ ಮಾಲೀಕರಿಗೆ ಅವರ ಹಿಂದಿನದೆಲ್ಲ ಗೊತ್ತಿದೆ, ಗೊತ್ತಿದ್ದೇ ಮುಂಗಡ ಕೊಟ್ಟಿದ್ದಾರೆ. ಅವರ ಜಾಗಕ್ಕೆ ಬಂದಿರುವವರು ಕಳೆದ ತಿಂಗಳಷ್ಟೇ ಹೊರಬಂದವರು. ಕಳೆದ ಶುಕ್ರವಾರ ಅವರು ಮಾಡಿದ ಸಾರನ್ನು ಉಂಡೆ. ಜುಮ್ಮನಕಾಯಿಯ ಎರಡು ಬೀಜ ಹಲ್ಲಿಗೆ ಸಿಕ್ಕವು. ತಟ್ಟೆಯ ಅಂಚಿನಲ್ಲಿಟ್ಟ ಆ ಬೀಜಗಳನ್ನು ಅವರು ಅಡುಗೆ ಮನೆಯ ಬಾಗಿಲಿನಿಂದ ನೋಡಿ ಒಳಗೆ ಹೋದರು. ಮರುದಿನದ ಸಾರಿನಲ್ಲಿ ಒಂದೂ ಇರಲಿಲ್ಲ.